ಬೀಚ್ ಕ್ಲಬ್‌ನಲ್ಲಿ ಮೊದಲ ಹಗಲು: ಬುಕಿಂಗ್‌ನಿಂದ ಬಿಲ್‌ವರೆಗೆ

ಐಷಾರಾಮಿ ಬೀಚ್ ಕ್ಲಬ್ ಎಂದರೆ ಕಡಲಂಚಿನಲ್ಲಿ ಒಂದು ಹಾಸಿಗೆ, ಮೇಲೊಂದು ಕೊಡೆ, ಪಕ್ಕದಲ್ಲೇ ಈಜುಕೊಳ, ಅಡುಗೆಮನೆ, ಬಾರ್, ಸಂಗೀತ. ಇಷ್ಟನ್ನೂ ಒಂದು ಹಗಲಿನ ಮಟ್ಟಿಗೆ ನಿಮಗೆ ಬಿಟ್ಟುಕೊಡುವ ಜಾಗ ಅದು. ಮೊದಲ ಸಲ ಹೋಗುವವರು ಏನು ತೊಡಬೇಕು ಎಂದು ವಾರಗಟ್ಟಲೆ ಯೋಚಿಸುತ್ತಾರೆ. ತಾವು ಕೂರುವ ಜಾಗ ಯಾವುದು, ಕಟ್ಟಿದ ಹಣದಲ್ಲಿ ಎಷ್ಟು ಊಟವಾಗಿ ತಿರುಗಿ ಬರುತ್ತದೆ ಎಂಬುದನ್ನು ಮಾತ್ರ ಕೇಳುವುದಿಲ್ಲ. ಆ ದಿನದ ಸುಖವೆಲ್ಲ ಹೆಚ್ಚುಕಮ್ಮಿ ಈ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಹಾಗಾಗಿ ಇಲ್ಲಿ ಬುಕಿಂಗ್ ಬಗ್ಗೆಯೇ ಹೆಚ್ಚು ಹೇಳಿದ್ದೇವೆ.

ಮೊದಲು, ಎಂಥ ಹಗಲು ಬೇಕು ಎಂದು ಗಟ್ಟಿ ಮಾಡಿಕೊಳ್ಳಿ

ಬೀಚ್ ಕ್ಲಬ್‌ಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಒಂದು ಊಟದ ಸುತ್ತ ಬೆಳೆದದ್ದು. 1955ರಲ್ಲಿ ಫ್ರಾನ್ಸಿನ ಸಾಂ ತ್ರೊಪೆ ಬಳಿಯ ಪಾಂಪೆಲೊನ್ ಕಡಲತೀರದಲ್ಲಿ ಶುರುವಾದ ಕ್ಲಬ್ 55 ಈ ಬಗೆಯ ಹಿರಿಯಣ್ಣ. ನೆರಳಲ್ಲಿ ನಿಧಾನವಾಗಿ ಮುಗಿಯುವ ಮಧ್ಯಾಹ್ನದ ಊಟವೇ ಅಲ್ಲಿ ಮುಖ್ಯ, ಈಜು ಅದರ ಮುಂಚೆಯೋ ಆಮೇಲೋ. ಇನ್ನೊಂದು ಸಂಗೀತದ ಸುತ್ತ ಬೆಳೆದದ್ದು. 1998ರಲ್ಲಿ ಅಮೆರಿಕದ ಮಯಾಮಿ ಬೀಚ್‌ನಲ್ಲಿ ಆರಂಭವಾದ ನಿಕ್ಕಿ ಬೀಚ್ ಇದನ್ನು ಜಗತ್ತಿನ ಹಲವು ಕಡೆಗೆ ಒಯ್ದಿತು. ಅಲ್ಲಿ ಬಿಳಿ ಹಾಸಿಗೆಗಳು ಮತ್ತು ಡಿಜೆಯೇ ದಿನದ ಕೇಂದ್ರ.

ಇವೆರಡನ್ನೂ ಬೆರೆಸಿದ ಕ್ಲಬ್‌ಗಳೇ ಈಗ ಜಾಸ್ತಿ. ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಬಾಗಿಲು ತೆರೆದಾಗ ಪುಸ್ತಕ ಓದುವಷ್ಟು ಶಾಂತವಾಗಿರುವ ಜಾಗದಲ್ಲಿ ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಪಕ್ಕದವರ ಮಾತು ಕೇಳದಷ್ಟು ಸದ್ದು ಇರಬಹುದು. ಅದೇ ಕ್ಲಬ್ ಮಂಗಳವಾರ ಒಂದು ಥರ, ಭಾನುವಾರ ಇನ್ನೊಂದು ಥರ. ಕ್ಲಬ್ಬಿನವರ ಸ್ವಂತ ಫೋಟೋಗಳಿಂದ ಇದು ಗೊತ್ತಾಗುವುದಿಲ್ಲ. ಹೋದವರು ಅದೇ ವಾರದ ದಿನ, ಅದೇ ಹೊತ್ತಿನಲ್ಲಿ ತೆಗೆದು ಹಾಕಿದ ವಿಡಿಯೋ ನೋಡಿ. ಜೊತೆಗೆ ನೇರವಾಗಿ ಕೇಳಿ: "ಆ ದಿನ ಡಿಜೆ ಇದೆಯೇ, ಎಷ್ಟು ಗಂಟೆಗೆ ಶುರು?" ಟಿಕೆಟ್ ಇಟ್ಟ ವಿಶೇಷ ಕಾರ್ಯಕ್ರಮವಿದ್ದರೆ ಅಂದಿನ ದರವೂ ಬೇರೆ, ನಿಯಮವೂ ಬೇರೆ.

ಮಕ್ಕಳನ್ನು ಕರೆದೊಯ್ಯುವುದಿದ್ದರೆ ಉಳಿದೆಲ್ಲಕ್ಕಿಂತ ಮೊದಲು ವಯಸ್ಸಿನ ನಿಯಮ ವಿಚಾರಿಸಿ. ಕೆಲವು ಕ್ಲಬ್‌ಗಳು 18 ಅಥವಾ 21 ದಾಟಿದವರಿಗೆ ಮಾತ್ರ. ಇನ್ನು ಕೆಲವು ಕಡೆ ಮಕ್ಕಳು ಸಂಜೆಯ ಇಂತಿಷ್ಟು ಗಂಟೆವರೆಗೆ ಮಾತ್ರ ಇರಬಹುದು, ಅಥವಾ ಒಂದು ಈಜುಕೊಳಕ್ಕೆ ಮಾತ್ರ ಇಳಿಯಬಹುದು.

ಕಡಲು ಯಾವ ದಿಕ್ಕಿಗಿದೆ

ಇದನ್ನು ಕೇಳುವವರೇ ಕಡಿಮೆ. ಮ್ಯಾಪ್ ತೆಗೆದು ಒಂದು ನಿಮಿಷ ನೋಡಿದರೆ ಸಾಕು. ಪಶ್ಚಿಮಕ್ಕೆ ಮುಖ ಮಾಡಿದ ತೀರದಲ್ಲಿ ಸೂರ್ಯಾಸ್ತ ಸಿಗುತ್ತದೆ. ಆದರೆ ಮಧ್ಯಾಹ್ನ ಮೂರರ ಮೇಲೆ ಬಿಸಿಲು ಎದುರಿನಿಂದ ಓರೆಯಾಗಿ ನುಗ್ಗುವುದರಿಂದ ತಲೆಯ ಮೇಲಿನ ಕೊಡೆ ಉಪಯೋಗಕ್ಕೆ ಬರುವುದಿಲ್ಲ, ನೆರಳು ನಿಮ್ಮ ಬೆನ್ನ ಹಿಂದೆ ಬಿದ್ದಿರುತ್ತದೆ. ಪೂರ್ವಕ್ಕೆ ಮುಖ ಮಾಡಿದ ತೀರದ ಹಿಂದೆ ಗುಡ್ಡವೋ ಎತ್ತರದ ಕಟ್ಟಡವೋ ಇದ್ದರೆ ಸಂಜೆ ಬೇಗ ನೆರಳಾಗುತ್ತದೆ. ಚಿಕ್ಕ ಮಕ್ಕಳಿಗೆ, ಬಿಸಿಲು ತಡೆಯದವರಿಗೆ ಅದು ಒಳ್ಳೆಯದೇ.

ಸಮುದ್ರದಲ್ಲೇ ಈಜಬೇಕು ಎಂಬ ಆಸೆ ಇದ್ದರೆ ಉಬ್ಬರ-ಇಳಿತದ ಪಟ್ಟಿಯನ್ನೂ ನೋಡಿ. ಒಂದು ಉಬ್ಬರಕ್ಕೂ ಅದರ ಮುಂದಿನ ಇಳಿತಕ್ಕೂ ನಡುವೆ ಹೆಚ್ಚಿನ ತೀರಗಳಲ್ಲಿ ಸುಮಾರು ಆರು ಗಂಟೆ ಹದಿನೈದು ನಿಮಿಷ. ತಳ ಸಮತಟ್ಟಾಗಿ ಹವಳದ ಬಂಡೆ ಹರಡಿರುವ ಕಡೆ ಇಳಿತದ ಹೊತ್ತಿಗೆ ನೀರು ಮೊಣಕಾಲಿಗೂ ಬರುವುದಿಲ್ಲ. ಅಂಥ ಜಾಗದಲ್ಲಿ ನಡು ಮಧ್ಯಾಹ್ನ ಇಳಿತ ಬೀಳುವ ದಿನ ಆರಿಸಿಕೊಂಡರೆ ಇಡೀ ದಿನ ಈಜುಕೊಳವೇ ಗತಿ. ದಿನಾಂಕ ಬದಲಾಯಿಸುವ ಅವಕಾಶವಿದ್ದರೆ ಒಂದು ವಾರ ಆಚೆ ಈಚೆ ಮಾಡಿ. ಅಷ್ಟರಲ್ಲಿ ಹೊತ್ತು ತಿರುಗಿರುತ್ತದೆ.

ಜಾಗದ ಆಯ್ಕೆ

ಸನ್‌ಬೆಡ್ ಎಂದರೆ ಒಬ್ಬರು ಮಲಗುವ ಒರಗು ಮಂಚ. ಸಾಮಾನ್ಯವಾಗಿ ಎರಡು ಮಂಚಕ್ಕೆ ಒಂದೇ ಕೊಡೆ, ನಡುವೆ ಪುಟ್ಟ ಮೇಜು. ಡೇಬೆಡ್ ಎಂದರೆ ಇಬ್ಬರಿಂದ ನಾಲ್ವರು ಕೂರುವ ಅಗಲ ಹಾಸಿಗೆ. ಕಬಾನಾ ಎಂದರೆ ಮೂರು ಕಡೆ ಪರದೆ, ಮೇಲೆ ಮಾಡು ಇರುವ ಗೂಡು. ಫ್ಯಾನು, ಪುಟ್ಟ ಫ್ರಿಜ್, ಬೀಗ ಹಾಕುವ ಪೆಟ್ಟಿಗೆ ಕೆಲವು ಕಡೆ ಸಿಗುತ್ತವೆ. ಇವಲ್ಲದೆ ಊಟದ ಮೇಜನ್ನು ಮಾತ್ರ ಕಾಯ್ದಿರಿಸಬಹುದು. ಆದರೆ ಮೇಜು ಪಡೆದವರಿಗೆ ಈಜುಕೊಳಕ್ಕೆ ಇಳಿಯಲು ಬಹಳ ಕಡೆ ಅನುಮತಿ ಇರುವುದಿಲ್ಲ. ಊಟಕ್ಕೆ ಬುಕ್ ಮಾಡಿ, ಈಜುಡುಗೆ ಹಾಕಿಕೊಂಡು ಹೋಗಿ, ಊಟವಾದ ಮೇಲೆ ಎಲ್ಲೂ ಕೂರಲಾಗದೆ ವಾಪಸ್ ಬರುವವರು ಇದ್ದಾರೆ.

ಇಬ್ಬರೇ ಹೋಗುವುದಾದರೆ ಎರಡು ಸನ್‌ಬೆಡ್ ಸಾಕು ಎಂಬುದು ನಮ್ಮ ಅಭಿಪ್ರಾಯ. ಡೇಬೆಡ್ ನೋಡಲು ಚೆಂದ, ಆದರೆ ಅದಕ್ಕೆ ಬೆನ್ನಾನಿಕೆ ಇರುವುದು ಕಡಿಮೆ. ಮೂರು ಗಂಟೆ ಕೂತರೆ ಸೊಂಟ ಮಾತಾಡತೊಡಗುತ್ತದೆ. ಊಟವೂ ಅದರ ಮೇಲೆಯೇ ಆದರೆ ತಟ್ಟೆ ತೊಡೆಯ ಮೇಲೆ. ನಾಲ್ವರಿದ್ದರೆ ಡೇಬೆಡ್ ಅಥವಾ ಕಬಾನಾ ಸರಿಹೋಗುತ್ತದೆ, ಆದರೆ "ನಾಲ್ವರಿಗೆ" ಎಂಬುದು ಕೂರುವ ಲೆಕ್ಕವೋ ಮಲಗುವ ಲೆಕ್ಕವೋ ಕೇಳಿ. ಬಹುತೇಕ ಅದು ಕೂರುವ ಲೆಕ್ಕವೇ ಆಗಿರುತ್ತದೆ.

ಮೊದಲ ಸಾಲಿಗೆ ದರ ಹೆಚ್ಚು. ಕಡಲು ಕಣ್ಣೆದುರಿಗೇ ಇರುತ್ತದೆ ಎಂಬುದು ಅದರ ಬೆಲೆ. ಅದೇ ಸಾಲಿನ ಮುಂದೆ ಜನ ಓಡಾಡುತ್ತಿರುತ್ತಾರೆ, ಗಾಳಿ ಎದ್ದರೆ ಮರಳು ನೇರ ನಿಮ್ಮ ಲೋಟಕ್ಕೆ. ಗಾಳಿ ಜೋರಿರುವ ತೀರಗಳಲ್ಲಿ ಎರಡನೇ ಅಥವಾ ಮೂರನೇ ಸಾಲೇ ಲೇಸು. ಬಾರ್, ಶೌಚಾಲಯ, ಅಡುಗೆಮನೆಯ ಬಾಗಿಲು, ಸ್ಪೀಕರ್ ಈ ನಾಲ್ಕರಿಂದ ದೂರವಿರುವ ಜಾಗ ಕೇಳಿ. ದೊಡ್ಡ ಕ್ಲಬ್‌ಗಳಲ್ಲಿ ಆಸನಗಳ ನಕ್ಷೆ ಇರುತ್ತದೆ. ಅದನ್ನು ಕಳಿಸಿ ಎಂದು ಕೇಳಿ, ಸಂಖ್ಯೆ ಹೇಳಿಯೇ ಬುಕ್ ಮಾಡಿ.

ಹಣದ ಲೆಕ್ಕ

ಬೀಚ್ ಕ್ಲಬ್ ಹಣ ಕೇಳುವ ರೀತಿ ಮೂರು. ಪ್ರವೇಶ ಶುಲ್ಕ: ಕೊಟ್ಟರೆ ಮುಗಿಯಿತು, ತಿರುಗಿ ಏನೂ ಬರುವುದಿಲ್ಲ. ಆಸನದ ಬಾಡಿಗೆ: ಅದೂ ಹಾಗೆಯೇ, ಊಟ ಬೇರೆ. ಮೂರನೆಯದು ಮಿನಿಮಮ್ ಸ್ಪೆಂಡ್: ಆ ಜಾಗದಲ್ಲಿ ಕೂತು ಕನಿಷ್ಠ ಇಷ್ಟರ ಊಟ-ಪಾನೀಯ ತರಿಸಿಕೊಳ್ಳಲೇಬೇಕು. ಅದಕ್ಕಿಂತ ಕಡಿಮೆ ಆದರೂ ಪೂರ್ತಿ ಮೊತ್ತ ಕಟ್ಟಬೇಕು, ಉಳಿದದ್ದು ಕೈಗೆ ಬರುವುದಿಲ್ಲ. ಕೆಲವು ಕಡೆ ಪ್ರವೇಶ ಶುಲ್ಕದ ಒಂದು ಪಾಲು ಊಟದ ಖಾತೆಗೆ ಸೇರುತ್ತದೆ. ನಿಮ್ಮ ಬುಕಿಂಗ್‌ನಲ್ಲಿರುವುದು ಇವುಗಳಲ್ಲಿ ಯಾವುದು, ಅಥವಾ ಯಾವೆರಡು, ಎಂಬುದು ಗೊತ್ತಾಗುವವರೆಗೆ ಹಣ ಕಟ್ಟಬೇಡಿ.

ಮಿನಿಮಮ್ ಸ್ಪೆಂಡ್‌ನಲ್ಲಿ ಎಡವುವ ಜಾಗ ತೆರಿಗೆ ಮತ್ತು ಸರ್ವಿಸ್ ಚಾರ್ಜ್. ದರದ ಮುಂದೆ ಎರಡು ಪ್ಲಸ್ ಗುರುತು ಇದ್ದರೆ ಇವೆರಡೂ ಆಮೇಲೆ ಸೇರುತ್ತವೆ ಎಂದರ್ಥ. ಸರ್ವಿಸ್ ಚಾರ್ಜ್ ಶೇಕಡ 10 ಮತ್ತು ತೆರಿಗೆ ಶೇಕಡ 10 ಇದ್ದರೆ ಒಟ್ಟು 20 ಎಂದುಕೊಳ್ಳಬೇಡಿ. ಸರ್ವಿಸ್ ಚಾರ್ಜ್ ಸೇರಿಸಿದ ಮೊತ್ತದ ಮೇಲೆ ತೆರಿಗೆ ಹಾಕಿದರೆ 100 ಇದ್ದದ್ದು 110 ಆಗಿ, ಆಮೇಲೆ 121 ಆಗುತ್ತದೆ. ಇಲ್ಲೊಂದು ಪ್ರಶ್ನೆ ಬಹಳ ಮುಖ್ಯ: ಆ 21 ಮಿನಿಮಮ್ ಸ್ಪೆಂಡ್‌ನ ಒಳಗೋ ಹೊರಗೋ? ಒಳಗಾದರೆ 100 ಕಟ್ಟಿದವರು ಸುಮಾರು 83ರಷ್ಟನ್ನು ಮಾತ್ರ ತಿಂದು ಕುಡಿಯಬಹುದು. ಹೊರಗಾದರೆ 100ರಷ್ಟನ್ನು ತಿಂದು 121 ಕಟ್ಟುತ್ತೀರಿ. ಸಿಗಾರ್, ಮಸಾಜ್, ಅಂಗಡಿಯ ಬಟ್ಟೆ, ಟವೆಲ್ ಬಾಡಿಗೆ ಇವು ಸಾಮಾನ್ಯವಾಗಿ ಲೆಕ್ಕಕ್ಕೆ ಸೇರುವುದಿಲ್ಲ.

ಇಷ್ಟಾದ ಮೇಲೆ ಕ್ಲಬ್ಬಿಗೆ ಒಂದೇ ಸಂದೇಶ ಬರೆಯಿರಿ. ಆಸನದ ಬಗೆ ಮತ್ತು ಸಂಖ್ಯೆ, ಎಷ್ಟು ಜನ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಮಿನಿಮಮ್ ಸ್ಪೆಂಡ್ ತಲೆಗೋ ಹಾಸಿಗೆಗೋ, ತೆರಿಗೆ ಸೇರಿದೆಯೇ, ಮಳೆ ಬಂದರೆ ಏನು, ತಡವಾಗಿ ಬಂದರೆ ಎಷ್ಟು ಹೊತ್ತು ಕಾಯುತ್ತಾರೆ. ಉತ್ತರ ಬರಹದಲ್ಲಿ ತರಿಸಿಕೊಂಡು ಫೋನಿನಲ್ಲಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬಾಗಿಲಲ್ಲಿ ಇರುವವರು ಫೋನಿನಲ್ಲಿ ಮಾತಾಡಿದವರೇ ಆಗಿರುವುದಿಲ್ಲ. ಬರಹವಿದ್ದರೆ ಮಾತಿಗೆ ಬಲ.

ರದ್ದತಿಯ ಗಡುವು ಸಾಮಾನ್ಯವಾಗಿ 24, 48 ಅಥವಾ 72 ಗಂಟೆ. ಗಡುವಿಗೆ ಒಂದು ದಿನ ಮುಂಚೆ ಫೋನಿನಲ್ಲಿ ಅಲಾರಂ ಇಡಿ, ಅಂದು ಹವಾಮಾನ ನೋಡಿ ತೀರ್ಮಾನಿಸಿ. ಮಳೆ ಬಂದರೆ ಹಣ ವಾಪಸ್ ಕೊಡುವ ಕ್ಲಬ್‌ಗಳಿಗಿಂತ ಬೇರೆ ದಿನ ಕೊಡುವ ಕ್ಲಬ್‌ಗಳು ಹೆಚ್ಚು. ಪ್ರವಾಸದ ಕೊನೆಯ ದಿನಕ್ಕೆ ಬುಕ್ ಮಾಡಿದವರಿಗೆ ಬೇರೆ ದಿನ ಎಲ್ಲಿಂದ ಬರಬೇಕು? ಆದ್ದರಿಂದ ಪ್ರವಾಸದ ಮೊದಲ ಅರ್ಧದಲ್ಲೇ ಇಟ್ಟುಕೊಳ್ಳಿ.

ಕಾರ್ಡ್ ಬಗ್ಗೆ ಒಂದು ಮಾತು. ಬಾಗಿಲಲ್ಲಿ ಕಾರ್ಡ್ ಉಜ್ಜಿ ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ಅದು ಖರ್ಚಲ್ಲ, ಜಾಮೀನು. ಬಿಲ್ ಕಟ್ಟಿದ ಮೇಲೂ ಆ ತಡೆ ಬಿಡುಗಡೆಯಾಗಲು ಕೆಲವು ದಿನ ಹಿಡಿಯುತ್ತದೆ. ಡೆಬಿಟ್ ಕಾರ್ಡ್ ಕೊಟ್ಟರೆ ಅಷ್ಟು ದಿನ ನಿಮ್ಮ ಸ್ವಂತ ಹಣವೇ ಕೈಗೆ ಸಿಗದೆ ಕೂರುತ್ತದೆ. ಕ್ರೆಡಿಟ್ ಕಾರ್ಡ್ ಕೊಡಿ.

ಚೀಲದಲ್ಲಿ ಏನಿರಬೇಕು

ಟವೆಲ್ ಅವರೇ ಕೊಡುತ್ತಾರೆ. ಚೀಲದಲ್ಲಿ ನಿಜಕ್ಕೂ ಜಾಗ ಬೇಕಾದದ್ದು ಸನ್‌ಸ್ಕ್ರೀನ್‌ಗೆ. ಜನ ಇದನ್ನು ಅಳತೆಗಿಂತ ತುಂಬ ಕಡಿಮೆ ಹಚ್ಚುತ್ತಾರೆ. ಡಬ್ಬಿಯ ಮೇಲೆ ಬರೆದ, ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ತಿಳಿಸುವ ಸಂಖ್ಯೆಯಾದ ಎಸ್‌ಪಿಎಫ್ ಪ್ರಯೋಗಾಲಯದಲ್ಲಿ ಸಿಗುವುದು ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿದಾಗ. ದೊಡ್ಡವರ ಇಡೀ ಮೈಗೆ ಅದು ಸುಮಾರು 30ರಿಂದ 35 ಮಿಲಿಲೀಟರ್. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ನೀರಿನಿಂದ ಮೇಲೆ ಬಂದು ಒರೆಸಿಕೊಂಡಾಗಲೂ ಹಚ್ಚಬೇಕು. ಹತ್ತರಿಂದ ಐದರವರೆಗೆ ಇರುವವರಿಗೆ ನಾಲ್ಕು ಸಲ ಎಂದರೆ ಒಬ್ಬರಿಗೇ 120ರಿಂದ 140 ಮಿಲಿಲೀಟರ್. 200 ಮಿಲಿಲೀಟರ್ ಡಬ್ಬಿ ಇಬ್ಬರ ಒಂದು ದಿನಕ್ಕೆ ಸಾಲದು. ಮೊದಲ ಸಲ ಹಚ್ಚುವುದು ಕೋಣೆಯಲ್ಲೇ ಆಗಲಿ, ಹೊರಡುವುದಕ್ಕೆ 15-20 ನಿಮಿಷ ಮುಂಚೆ, ಬಟ್ಟೆ ತೊಡುವ ಮೊದಲು. ಕಿವಿಯ ತುದಿ, ಪಾದದ ಮೇಲ್ಭಾಗ, ಬೈತಲೆ, ಮಂಡಿಯ ಹಿಂಭಾಗ ಇವು ಮರೆತುಹೋಗುವ ಜಾಗಗಳು.

ಎಸ್‌ಪಿಎಫ್ 30 ಸುಡುವ ಕಿರಣಗಳಲ್ಲಿ ಸುಮಾರು ಶೇಕಡ 97ನ್ನು ತಡೆದರೆ 50 ತಡೆಯುವುದು ಸುಮಾರು 98ನ್ನು. ಆದ್ದರಿಂದ ಸಂಖ್ಯೆಗಿಂತ ಪ್ರಮಾಣ ಮುಖ್ಯ. ಹವಳದ ತೀರಗಳಿಗೆ ಹೋಗುವಾಗ ಒಳಗಿನ ಪದಾರ್ಥಗಳ ಪಟ್ಟಿಯನ್ನೂ ಓದಿ. ಆಕ್ಸಿಬೆನ್‌ಜೋನ್ ಮತ್ತು ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಳಕ್ಕೆ ಹಾನಿ ಎಂಬ ಕಾರಣಕ್ಕೆ ಹವಾಯಿ 2021ರ ಜನವರಿ 1ರಿಂದ ನಿಲ್ಲಿಸಿದೆ. ಪಲಾವ್ ದೇಶ ಅದಕ್ಕಿಂತ ಒಂದು ವರ್ಷ ಮೊದಲೇ ಇಂಥ ಹಲವು ರಾಸಾಯನಿಕಗಳನ್ನು ನಿಷೇಧಿಸಿದೆ. ಸತುವಿನ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಬಿಳಿಯಾಗಿ ಕಾಣುತ್ತದೆ, ಆದರೆ ಈ ತೊಡಕಿಲ್ಲ.

ಬಟ್ಟೆಯ ವಿಷಯ ಚಿಕ್ಕದು. ಈಜುಡುಗೆ ಎರಡು ಜೊತೆ: ಒಂದು ಒದ್ದೆಯಾದಾಗ ಇನ್ನೊಂದು. ಈಜುಡುಗೆಯ ಮೇಲೆ ಹಾಕಿಕೊಳ್ಳುವ ಹಗುರ ಅಂಗಿ ಅಥವಾ ನಿಲುವಂಗಿ ಕಡ್ಡಾಯ. ರೆಸ್ಟೋರೆಂಟ್ ಭಾಗಕ್ಕೆ ಬರಿ ಈಜುಡುಗೆಯಲ್ಲಿ, ಬರಿಗಾಲಲ್ಲಿ ಬಿಡುವುದಿಲ್ಲ. ಸಂಜೆಯವರೆಗೆ ಇರುವವರಿಗೆ, ಅದರಲ್ಲೂ ಗಂಡಸರಿಗೆ, ತೋಳಿರುವ ಅಂಗಿ ಬೇಕಾಗಬಹುದು. ಒಳಉಡುಪು ಹಾಕಿಕೊಂಡು ಈಜುಕೊಳಕ್ಕೆ ಇಳಿಯಲು ಎಲ್ಲೂ ಒಪ್ಪುವುದಿಲ್ಲ. ಬಿಳಿ ಬಟ್ಟೆ ಇಷ್ಟಪಡುವವರಿಗೆ ಎಚ್ಚರಿಕೆ: ಸನ್‌ಸ್ಕ್ರೀನ್‌ನಲ್ಲಿರುವ ಅವೊಬೆನ್‌ಜೋನ್ ನೀರಿನ ಕಬ್ಬಿಣದ ಅಂಶದೊಡನೆ ಸೇರಿ ತುಕ್ಕಿನ ಬಣ್ಣದ ಕಲೆಯಾಗುತ್ತದೆ. ಅದಕ್ಕೆ ಬ್ಲೀಚ್ ಹಾಕಿದರೆ ಕಲೆ ಇನ್ನಷ್ಟು ಗಟ್ಟಿ.

ಉಂಗುರ ಮನೆಯಲ್ಲಿರಲಿ. ತಣ್ಣೀರಲ್ಲಿ ಬೆರಳು ಸಣ್ಣದಾಗುತ್ತದೆ, ಸನ್‌ಸ್ಕ್ರೀನ್‌ನಿಂದ ಜಾರುತ್ತದೆ, ಮರಳಲ್ಲಿ ಬಿದ್ದದ್ದು ಸಿಗುವುದಿಲ್ಲ. ಬೆಳ್ಳಿಯನ್ನು ಕೊಳದ ಕ್ಲೋರಿನ್ ಕಪ್ಪಾಗಿಸುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ನೀರಿಗಿಳಿಯುವ ಮುನ್ನ ತೆಗೆಯಬೇಕು, ಹಾಗಾಗಿ ಕನ್ನಡಕ ಜೊತೆಗಿರಲಿ. ಇವಲ್ಲದೆ ಗುರುತಿನ ಚೀಟಿಯ ಮೂಲಪ್ರತಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲ ಎರಡು, ಪವರ್‌ಬ್ಯಾಂಕ್. ಹೊರಗಿನ ತಿಂಡಿ-ಪಾನೀಯ, ಬ್ಲೂಟೂತ್ ಸ್ಪೀಕರ್, ಡ್ರೋನ್, ದೊಡ್ಡ ಲೆನ್ಸಿನ ಕ್ಯಾಮೆರಾ ಬಾಗಿಲಲ್ಲೇ ಉಳಿಯುತ್ತವೆ. ಮಗುವಿನ ಆಹಾರ, ಔಷಧಿಗೆ ವಿನಾಯಿತಿ ಇರುತ್ತದೆ, ಮೊದಲೇ ಹೇಳಿಟ್ಟರೆ ತಕರಾರಿಲ್ಲ.

ತಲುಪಿದ ಮೊದಲ ಅರ್ಧ ಗಂಟೆ

ಬಾಗಿಲು ತೆರೆದ ಮೊದಲ ಗಂಟೆಯಲ್ಲೇ ಹೋಗಿ. ಕೊಟ್ಟ ಹಣಕ್ಕೆ ಹೆಚ್ಚು ಹೊತ್ತು ಸಿಗುತ್ತದೆ, ಜಾಗ ಸರಿಬರದಿದ್ದರೆ ಬದಲಿಸಲು ಇನ್ನೂ ಖಾಲಿ ಹಾಸಿಗೆಗಳಿರುತ್ತವೆ. ಹನ್ನೆರಡೂವರೆಗೆ ಹೋಗಿ "ಬೇರೆ ಕೊಡಿ" ಎಂದರೆ ಕೊಡಲು ಅವರ ಬಳಿಯೂ ಇರುವುದಿಲ್ಲ.

ಕೈಗೆ ಪಟ್ಟಿ ಕಟ್ಟುವ ಮುನ್ನ ಸ್ಕ್ರೀನ್‌ಶಾಟ್ ತೋರಿಸಿ, ಮಿನಿಮಮ್ ಸ್ಪೆಂಡ್ ಎಷ್ಟೆಂದು ಅವರ ಬಾಯಲ್ಲೇ ಹೇಳಿಸಿ. ಕೆಲವು ಕಡೆ ಆ ಪಟ್ಟಿಯೊಳಗೆ ಚಿಪ್ ಇರುತ್ತದೆ, ತರಿಸಿಕೊಂಡದ್ದೆಲ್ಲ ಅದರ ಮೇಲೆ ಬೀಳುತ್ತದೆ. ಮಕ್ಕಳ ಕೈಯಲ್ಲಿ ಅಂಥ ಪಟ್ಟಿ ಇದ್ದರೆ ಅದರ ಮೇಲೆ ಆರ್ಡರ್ ತಗೊಳ್ಳಬೇಡಿ ಎಂದು ಹೇಳಿಡಿ. ಟವೆಲ್‌ಗೆ ಕಾರ್ಡ್ ಅಥವಾ ಠೇವಣಿ ಇದ್ದರೆ ಅದು ಯಾರ ಬಳಿ ಇದೆ ಎಂದು ನೆನಪಿಡಿ, ಕಳೆದರೆ ದಂಡ.

ಹಾಸಿಗೆ ಸಿಕ್ಕ ಕೂಡಲೇ ಮಲಗಬೇಡಿ. ಕೊಡೆಯ ನೆರಳು ಈಗ ಎಲ್ಲಿದೆ, ಎರಡು ಗಂಟೆಯ ಮೇಲೆ ಎಲ್ಲಿಗೆ ಹೋಗುತ್ತದೆ ನೋಡಿ. ಸಿಬ್ಬಂದಿಗೆ ಹೇಳಿದರೆ ಕೊಡೆ ತಿರುಗಿಸಿ ಕೊಡುತ್ತಾರೆ. ನಿಮ್ಮ ಸಾಲನ್ನು ನೋಡಿಕೊಳ್ಳುವವರು ಯಾರು, ಹೆಸರೇನು ಎಂದು ಕೇಳಿ. ಇಡೀ ದಿನ ಅವರೇ ನಿಮ್ಮ ಆಸರೆ. ಊಟದ ಮೇಜು ಬೇಕಿದ್ದರೆ ಆಗಲೇ ಹೊತ್ತು ಗೊತ್ತು ಮಾಡಿ.

ಫೋನ್ ಬಿಸಿಲಲ್ಲಿ ಇಡಬೇಡಿ. ಐಫೋನ್ ಬಳಸಲು ಆ್ಯಪಲ್ ಹೇಳುವ ಸುತ್ತಲಿನ ಉಷ್ಣಾಂಶದ ಮಿತಿ 35 ಡಿಗ್ರಿ ಸೆಲ್ಸಿಯಸ್. ಬಿಸಿಲು ಬಿದ್ದ ಹಾಸಿಗೆಯ ಮೇಲೆ ಅದನ್ನು ದಾಟಲು ಹೆಚ್ಚು ಹೊತ್ತು ಬೇಡ. ಎಚ್ಚರಿಕೆ ಪರದೆ ಬಂದರೆ ನೆರಳಲ್ಲಿಟ್ಟು ಕಾಯಿರಿ. ಐಸ್ ಬಕೆಟ್‌ಗೋ ಫ್ರಿಜ್‌ಗೋ ಇಟ್ಟರೆ ಒಳಗೆ ತೇವ ಕಟ್ಟಿ ಕೆಡುತ್ತದೆ.

ನೀರು, ಬಿಸಿಲು, ಊಟ

ಅತಿನೇರಳೆ ಕಿರಣಗಳು ಅತಿ ಹೆಚ್ಚಿರುವುದು ಸೂರ್ಯ ನೆತ್ತಿಯ ಮೇಲಿರುವಾಗ. ಗಡಿಯಾರ ಮುಂದಿಟ್ಟಿರುವ ದೇಶಗಳಲ್ಲಿ ಅದು ಒಂದು ಎರಡು ಗಂಟೆಗೂ ಆಗಬಹುದು. ಸುಲಭದ ಅಳತೆ ನಿಮ್ಮ ನೆರಳೇ: ಅದು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಿಸಿಲು ಸುಡುವಂಥದು. ಕೊಡೆಯ ಕೆಳಗಿದ್ದರೂ ಪೂರ್ತಿ ರಕ್ಷಣೆಯಿಲ್ಲ, ಒಣ ಮರಳು ಸುಮಾರು ಶೇಕಡ 15ರಷ್ಟು ಕಿರಣವನ್ನು ಮೇಲಕ್ಕೆ ತಿರುಗಿಸುತ್ತದೆ. ಆದ್ದರಿಂದ ಸೂರ್ಯ ನೆತ್ತಿಯ ಮೇಲಿರುವ ಸುಮಾರು ಎರಡು ಗಂಟೆ ಹೊತ್ತನ್ನು ಮಾಡಿನ ಕೆಳಗೆ ಊಟಕ್ಕೆ ಮೀಸಲಿಡಿ. ಈಜು ಬೆಳಿಗ್ಗೆ ಮತ್ತು ನಾಲ್ಕರ ಮೇಲೆ.

ನಿಂಬೆ ಹಿಂಡಿದ ಪಾನೀಯ ಕೈಮೇಲೆ ಚೆಲ್ಲಿದರೆ ಕೂಡಲೇ ಸೋಪು ಹಚ್ಚಿ ತೊಳೆಯಿರಿ. ನಿಂಬೆರಸ ಬಿದ್ದ ಚರ್ಮಕ್ಕೆ ಬಿಸಿಲು ತಾಗಿದರೆ ಒಂದೆರಡು ದಿನದಲ್ಲಿ ಸುಟ್ಟಂತೆ ಬೊಬ್ಬೆಯೆದ್ದು, ಆಮೇಲೆ ಕಂದು ಕಲೆ ವಾರಗಟ್ಟಲೆ ಉಳಿಯುತ್ತದೆ. ಯಾವುದೋ ಕೀಟ ಕಚ್ಚಿತೆಂದೇ ಬಹಳ ಜನ ತಿಳಿಯುತ್ತಾರೆ. ಬೆರ್ಗಮಾಟ್ ಎಣ್ಣೆಯ ಸುಗಂಧದ್ರವ್ಯವೂ ಹೀಗೇ ಮಾಡಬಲ್ಲದು, ಅಂದು ಅತ್ತರು ಬೇಡ.

ಮದ್ಯ ಕುಡಿಯುವವರು ಪ್ರತಿ ಲೋಟಕ್ಕೆ ಒಂದು ಲೋಟ ನೀರು ಕುಡಿಯಿರಿ. ಕುಡಿದ ಮೇಲೆ ಕಡಲಿಗೆ ಇಳಿಯಲೇಬೇಡಿ, ಇದರಲ್ಲಿ ರಿಯಾಯಿತಿ ಇಲ್ಲ. ಕಡಲಿಗೆ ಇಳಿಯುವ ಮುನ್ನ ಬಾವುಟ ನೋಡಿ: ಮೇಲೆ ಕೆಂಪು ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವಿನ ಜಾಗ ಲೈಫ್‌ಗಾರ್ಡ್ ಕಣ್ಣಿಟ್ಟಿರುವ ಜಾಗ. ಪೂರ್ತಿ ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗಿಳಿಯಬೇಡಿ. ನೇರಳೆ ಬಾವುಟ ಲೋಳೆಮೀನಿನಂಥ ಕುಟುಕುವ ಜೀವಿಗಳಿವೆ ಎಂಬ ಸೂಚನೆ. ಎರಡೂ ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಗಾಢ ಬಣ್ಣದಲ್ಲಿ ಕಂಡರೆ ಅದು ದಡದಿಂದ ಕಡಲಿನತ್ತ ಎಳೆದೊಯ್ಯುವ ಸೆಳೆತ. ಶಾಂತವಾಗಿದೆ ಎಂದೇ ಜನ ಅಲ್ಲಿ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡಕ್ಕೆ ನೇರ ಈಜಲು ಹೋಗಬೇಡಿ, ಸುಸ್ತಾಗುವುದು ಅಲ್ಲೇ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ. ಶಕ್ತಿಯಿಲ್ಲದಿದ್ದರೆ ತೇಲುತ್ತ ಕೈಯೆತ್ತಿ ಬೀಸಿ.

ಊಟಕ್ಕೆ ಇಡೀ ಮೀನು ಹೇಳುವಾಗ ದರ ತೂಕದ ಮೇಲೋ ತಟ್ಟೆಗೋ ನೋಡಿ. ಮೆನುವಿನಲ್ಲಿ ಕಾಣುವ ಸಣ್ಣ ಸಂಖ್ಯೆ ಬಹಳ ಸಲ 100 ಗ್ರಾಮಿನದು, ತಟ್ಟೆಗೆ ಬರುವ ಮೀನು ಒಂದು ಕಿಲೋ ತೂಗಬಹುದು. ಒಲೆಗೆ ಇಡುವ ಮುನ್ನ ತೂಕ ಮಾಡಿಸಿ, ಒಟ್ಟು ಎಷ್ಟೆಂದು ಕೇಳಿ. ಯಾವ ಒಳ್ಳೆಯ ಕ್ಲಬ್ಬಿನವರೂ ಇದಕ್ಕೆ ಬೇಸರಿಸುವುದಿಲ್ಲ.

ಬಿಲ್, ವಾಪಸ್ ದಾರಿ

ಮೂರು ಗಂಟೆಯ ಹೊತ್ತಿಗೆ ಒಮ್ಮೆ, "ಈವರೆಗೆ ಎಷ್ಟಾಗಿದೆ, ಇನ್ನೆಷ್ಟು ಉಳಿದಿದೆ" ಎಂದು ಕೇಳಿ. ಉಳಿದದ್ದನ್ನು ನಿಧಾನವಾಗಿ ಬಳಸಲು ಹೊತ್ತಿರುತ್ತದೆ. ಆರೂವರೆಗೆ ಗೊತ್ತಾದರೆ ಬೇಡದ್ದನ್ನೆಲ್ಲ ತರಿಸಬೇಕಾಗುತ್ತದೆ. ಅಂತಿಮ ಬಿಲ್ಲನ್ನು ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚೆ ತರಿಸಿ, ಇನ್ನೂ ಬೆಳಕಿರುವಾಗ ಸಾಲು ಸಾಲಾಗಿ ಓದಿ. ಪಕ್ಕದ ಹಾಸಿಗೆಯವರ ಆರ್ಡರ್ ಸೇರಿರುವುದು, ಮುಂಗಡ ಕಳೆಯದೆ ಬಿಟ್ಟಿರುವುದು ಸಾಮಾನ್ಯ ತಪ್ಪುಗಳು. ಸರ್ವಿಸ್ ಚಾರ್ಜ್ ಆಗಲೇ ಇದ್ದರೆ ಟಿಪ್ಸ್ ನಿಮ್ಮ ಇಚ್ಛೆ. ಹೊರದೇಶದಲ್ಲಿ ಕಾರ್ಡ್ ಯಂತ್ರ "ನಿಮ್ಮ ದೇಶದ ಹಣದಲ್ಲೋ, ಇಲ್ಲಿನ ಹಣದಲ್ಲೋ" ಎಂದು ಕೇಳಿದರೆ ಇಲ್ಲಿನ ಹಣವನ್ನೇ ಒತ್ತಿ. ನಿಮ್ಮ ದೇಶದ ಹಣ ಆರಿಸಿದರೆ ಯಂತ್ರದವರು ತಮ್ಮದೇ ವಿನಿಮಯ ದರ ಹಾಕುತ್ತಾರೆ, ಅದು ಸಾಮಾನ್ಯವಾಗಿ ನಿಮಗೆ ನಷ್ಟ.

ಸೂರ್ಯ ಮುಳುಗಿದ ಹತ್ತೇ ನಿಮಿಷಕ್ಕೆ ಎಲ್ಲರೂ ಒಟ್ಟಿಗೆ ಏಳುತ್ತಾರೆ, ಟ್ಯಾಕ್ಸಿ ಸಿಗದೆ ನಿಲ್ಲುತ್ತಾರೆ. ಬೆಳಿಗ್ಗೆ ಬಂದ ಗಾಡಿಯನ್ನೇ ಹೊತ್ತು ಹೇಳಿ ಗೊತ್ತು ಮಾಡಿಟ್ಟಿರಿ, ಅಥವಾ ಸ್ನಾನ ಮಾಡಿ, ಒಣಬಟ್ಟೆ ತೊಟ್ಟು ಮುಕ್ಕಾಲು ಗಂಟೆ ತಡವಾಗಿ ಹೊರಡಿ. ದೋಣಿಯಲ್ಲಿ ಹೋಗಿ ಬರುವ ಕ್ಲಬ್ ಆದರೆ ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಬೆಳಿಗ್ಗೆಯೇ ಕೇಳಿ. ಒದ್ದೆ ಈಜುಡುಗೆಯನ್ನು ಸಿಹಿನೀರಲ್ಲಿ ಅಂದೇ ಜಾಲಿಸಿ ನೆರಳಲ್ಲಿ ಒಣಹಾಕಿ, ಉಪ್ಪು ಮತ್ತು ಕ್ಲೋರಿನ್ ರಾತ್ರಿಯಿಡೀ ಉಳಿದರೆ ಹಿಗ್ಗುವ ನೂಲು ಸಡಿಲವಾಗುತ್ತದೆ. ಬಿಲ್ಲಿನ ಫೋಟೋವನ್ನು ಕಾರ್ಡ್‌ನ ತಡೆಹಣ ಬಿಡುಗಡೆ ಆಗುವವರೆಗೆ ಅಳಿಸಬೇಡಿ. ಹತ್ತು ದಿನದ ಮೇಲೂ ಬಿಡುಗಡೆಯಾಗದಿದ್ದರೆ ಬ್ಯಾಂಕಿಗೆ ತೋರಿಸಲು ಅದೇ ಆಧಾರ.